ಹಣೆಯ ಮೇಲೆ ಹಸಿರು ಪಟ್ಟಿ

ತೊಂಬತ್ತರ ದಶಕದ ಕೊನೆಯ ಆ ದಿನಗಳಲ್ಲಿ ನಾನು ನನ್ನ ಮೈದುನನನ್ನು ಚೂರೂ ನಂಬುತ್ತಿರಲಿಲ್ಲ. ಅವನು ವಿದ್ಯಾನಗರದ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಮೇಷ್ಟ್ರು. ಲ್ಯಾಬಿನಲ್ಲಿ ಅದೇನೋ ತಯಾರಿಸಿ, ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಸವರಿ, ಒಂದು ಪಟ್ಟಿ ಮಾಡಿಕೊಂಡು ಬಂದಿದ್ದ.

"ಇದು ಒಂದ್ ನಮೂನಿ ಉಪ್ಪು ಅತ್ತಿಗೆ. ಎಣ್ಣಿ ಹಂಗೆ ಹರೀತೈತೆ, ಆದ್ರೆ ಒಳಗೆ ಹರಳಿನ ಹಂಗೆ ಸಾಲಾಗಿ ನಿಲ್ತೈತೆ. ಬಿಸಿ ತಾಗಿದ್ರೆ ಬಣ್ಣ ಬದಲಾಗ್ತೈತೆ. ಹಣಿಗೆ ಇಡ್ರಿ. ಹಸಿರಿದ್ರೆ ಆರಾಮ, ನೀಲಿ ಆದ್ರೆ ಜ್ವರ."

ಆ ವಾರ ನನ್ನ ಪುಟ್ಟ ಮಗಳು ಊಟ ಬಿಟ್ಟು ಮುದುಡಿ ಮಲಗಿದ್ದಳು. ಕುತ್ತಿಗೆ ಮುಟ್ಟಿದರೆ ಸುಡುತ್ತಿತ್ತು. ಪಟ್ಟಿ ಇಟ್ಟರೆ ಹಸಿರು. ಭಾನುವಾರ ಹರಿಹರದಲ್ಲಿ ಇವನಿಗೇ ಹೆಣ್ಣು ನೋಡುವ ಶಾಸ್ತ್ರವಿತ್ತು. ಅದು ಮುಂದಕ್ಕೆ ಹೋಗಬಾರದೆಂದೇ ಏನೋ ಕರಾಮತ್ತು ಮಾಡಿದ್ದಾನೆ ಎಂದು ನನಗೆ ಅನುಮಾನ. ಡಾಕ್ಟರ ಹತ್ತಿರ ಹೋಗೋಣವೆಂದರೆ ಅತ್ತೆ ಬಿಡಲಿಲ್ಲ. "ಓದಿದವನ ಪಟ್ಟಿಗಿಂತ ನಿನ್ನ ಕೈ ಹೆಚ್ಚೇನ?" ಎಂದರು. ಸಿಟ್ಟಿಗೆ ನನ್ನ ಮೈಯೆಲ್ಲ ಉರಿದುಹೋಯಿತು.

ಭಾನುವಾರ ದೇವರಾಜ ಅರಸು ಬಡಾವಣೆಯ ನಮ್ಮ ಮನೆಯಿಂದ ಹೊರಡುವಾಗ ಅತ್ತೆ ಎಂದಿನಂತೆ ಒದ್ದೆ ವಿಭೂತಿಯನ್ನು ಮಗುವಿನ ಹಣೆಗೆ ದಪ್ಪಗೆ ಬಳಿದರು. ಹರಿಹರದಲ್ಲಿ ಹುಡುಗಿ ಉಪ್ಪಿಟ್ಟಿನ ತಟ್ಟೆ ತರುವ ಹೊತ್ತಿಗೆ ಮಗಳು ನನ್ನ ತೊಡೆಯ ಮೇಲೆ ನಡುಗತೊಡಗಿದಳು. ಮೈದುನ ಬೀಗರ ಮುಂದೆ ಜಂಬದಿಂದ ಪಟ್ಟಿ ತೆಗೆದು ಇಟ್ಟ. ಮತ್ತೆ ಹಸಿರು! ನನಗೆ ತಡೆಯಲಾಗಲಿಲ್ಲ. ಸೆರಗನ್ನು ನೀರಿನ ಲೋಟಕ್ಕೆ ಅದ್ದಿ ಅವಳ ಮುಖವನ್ನೆಲ್ಲ ಒರೆಸಿ, ಒಣ ಭಾಗದಿಂದ ತೇವ ತೆಗೆದುಬಿಟ್ಟೆ.

"ಅಯ್ಯೋ ಶಿವನೇ! ಇಬತ್ತಿ ಅಳಸ್ತೀಯಲ್ಲೇ, ಅದೂ ಶುಭಕಾರ್ಯದಾಗೆ!" ಎಂದು ಅತ್ತೆ ಕೂಗಿದರು.

ನಾನು ಪಟ್ಟಿ ಕಸಿದು ಬರಿ ಹಣೆಗೆ ಒತ್ತಿದೆ. ನೋಡನೋಡುತ್ತ ಕಡುನೀಲಿಯಾಯಿತು. ಮೈದುನನ ಮುಖ ಬಿಳಿಚಿಕೊಂಡಿತು. "ಇಬತ್ತಿ ಮ್ಯಾಲೆ ಇಡ್ತಿದ್ದೆ ಅತ್ತಿಗೆ, ಬಿಸಿ ಪಟ್ಟಿಗೆ ತಾಗೇ ಇಲ್ಲ... ಅಳಸ್ಬೇಕು ಅಂತ ಹೊಳೀಲೇ ಇಲ್ಲ" ಎಂದ. ಹೊಳೆಯುವುದಾದರೂ ಹೇಗೆ? ವಿಭೂತಿ ಒರೆಸುವ ಯೋಚನೆ ನಮ್ಮ ಮನೆಯಲ್ಲಿ ಯಾರಿಗೂ ಬರುತ್ತಿರಲಿಲ್ಲ. ಅವನು ಮಗುವನ್ನೆತ್ತಿಕೊಂಡು, ಚಪ್ಪಲಿಯನ್ನೂ ಮೆಟ್ಟದೆ ಆಟೋಗೆ ಓಡಿದ; ನಾನೂ ಅತ್ತೆಯೂ ಹಿಂದೆಯೇ ಹತ್ತಿದೆವು.

ಡಾಕ್ಟರು ಟೈಫಾಯ್ಡ್ ಎಂದದ್ದು, ಅವಳು ಹುಷಾರಾದದ್ದು ಆಮೇಲಿನ ಮಾತು. ನನಗೆ ಮರೆಯಲಾಗದ್ದು ಆ ಆಟೋ. ಅತ್ತೆ ಮೊಮ್ಮಗಳ ಬರಿ ಹಣೆಯ ಮೇಲೆ ಒಣ ಅಂಗೈ ಇಟ್ಟು ಬೆಚ್ಚಿಬಿದ್ದರು.

"ದಿನಾ ಒದ್ದಿ ಇಬತ್ತಿ ಕೈಲೆ ಈ ಹಣಿ ಮುಟ್ಟಿದಾಕಿ ನಾನೇ ಅಲ್ಲೇನ? ಬಿಸಿ ಗೊತ್ತೇ ಆಗ್ಲಿಲ್ಲ" ಎಂದರು.

ಆಸ್ಪತ್ರೆ ಬರುವವರೆಗೂ ಅವರು ಕೈ ತೆಗೆಯಲಿಲ್ಲ.