ಮಧ್ಯಾಹ್ನಕ್ಕೆ ಕೈಕೊಡುವ ಎಸಿ

ನನ್ನ ತಂಗಿಗೆ ಎದೆಯಿಂದ ಕೆಳಗೆ ಬೆವರು ಬರುವುದಿಲ್ಲ. ಮೋಟರ್ ಸೈಕಲ್ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾದಾಗ ಕಾಲುಗಳ ಬಲದ ಜೊತೆಗೆ ಅದೂ ಹೋಯಿತು. ಕಾಲು ನಡೆಯದ್ದು ಎಲ್ಲರ ಕಣ್ಣಿಗೆ ಬೀಳುತ್ತದೆ, ಬೆವರು ಬಾರದ್ದು ಯಾರಿಗೂ ಕಾಣುವುದಿಲ್ಲ. ಜಹೀರಾಬಾದಿನ ಬೇಸಿಗೆಯಲ್ಲಿ ಅವಳ ಮೈ ಕಾಯುತ್ತಲೇ ಹೋಗುತ್ತದೆ. ತಾನಾಗಿ ತಣಿಯುವುದು ಅದಕ್ಕೆ ಮರೆತೇಹೋಗಿದೆ. ಹಾಗಾಗಿ ನಮ್ಮ ಹಳೆಯ ಕಾರಿನ ಎಸಿ ನಮಗೆ ಶೋಕಿಯ ವಸ್ತುವಲ್ಲ. ಆದರೆ ಊರವರಿಗೆ ಅದನ್ನು ಹೇಳಿ ಹೇಳಿ ನನಗೆ ಸಾಕಾಗಿತ್ತು.

ಆ ವರ್ಷ ಏಪ್ರಿಲ್ ಹಿಡಿದಾಗಿನಿಂದ ಎಸಿ ಆಟ ಆಡಿಸತೊಡಗಿತು. ಬೆಳಿಗ್ಗೆ ಮನೆಯಿಂದ ಹೊರಟಾಗ ಚಳಿ ಹುಟ್ಟಿಸುವಷ್ಟು ತಂಪು. ಬಿಸಿಲು ಏರಿ ಕಾರು ಸ್ವಲ್ಪ ದೂರ ಓಡಿತೆಂದರೆ ಬರೀ ಬಿಸಿ ಗಾಳಿ. ಸಂಜೆಗೆ ಮತ್ತೆ ಏನೂ ಆಗೇ ಇಲ್ಲವೆಂಬಂತೆ ತಂಪು. ಊರಿನ ಗ್ಯಾರೇಜಿಗೆ ಒಯ್ದೆ. ಗ್ಯಾರೇಜಿನ ಯಜಮಾನ ನೆರಳಲ್ಲಿ ನಿಲ್ಲಿಸಿ ಎಸಿ ಹಚ್ಚಿದ, ತಂಪಾಗಿ ಬೀಸಿತು.

"ಏನೂ ಆಗಿಲ್ರಿ ಅಕ್ಕಾರ. ಜರಾ ಗ್ಯಾಸ್ ಕಮ್ಮಿ ಇರಬೇಕು, ತುಂಬಿಸ್ತೀನಿ" ಎಂದ.

ತುಂಬಿಸಿದ. ಎರಡು ದಿನಕ್ಕೆ ಮತ್ತದೇ ಕಥೆ. ಮತ್ತೆ ಹೋದರೆ, "ನೀವು ಕಿಟಕಿ ಸರಿಯಾಗಿ ಹಾಕ್ಕೊಳ್ಳಂಗಿಲ್ಲೇನೋ" ಎಂದು ನಕ್ಕ. ನನಗೆ ಕಾರು ಓಡಿಸಲಿಕ್ಕೆ ಬರುವುದಿಲ್ಲ ಎಂಬುದರ ಸಭ್ಯ ರೂಪ ಅದು. ನಾನು ಬಟ್ಟೆ ಅಂಗಡಿ ನಡೆಸುವವಳು. ಗಿರಾಕಿಯನ್ನು ನಗುನಗುತ್ತಾ ಸಾಗಹಾಕುವುದು ಹೇಗೆಂದು ನನಗೂ ಗೊತ್ತು.

ಅಷ್ಟರಲ್ಲಿ ತಾಂಡೂರಿನಲ್ಲಿ ಚಿಕ್ಕಪ್ಪನ ಮಗಳ ಮದುವೆ ಬಂತು. ಚಿಕ್ಕಪ್ಪ ಫೋನ್ ಮಾಡಿ, "ಆಕಿನ್ನ ಯಾಕ ಕರ್ಕೊಂಡು ಬರ್ತಿ ಈ ಬಿಸಲಾಗ? ಮನ್ಯಾಗ ಇರ್ಲಿ, ಪಾಪ" ಎಂದ. ಫೋನ್ ಸ್ಪೀಕರಿನಲ್ಲಿತ್ತು. ತಂಗಿ ನನ್ನ ಕೈಯಿಂದ ಅದನ್ನು ತೆಗೆದುಕೊಂಡು, "ಕಾಕಾ, ನಾ ಬರಾಕತ್ತೀನಿ. ಊಟಕ್ಕ ಒಂದು ಎಲಿ ಹೆಚ್ಚಿಗಿ ಹಾಕಸ್ರಿ" ಎಂದು ಇಟ್ಟುಬಿಟ್ಟಳು.

ಬೇಗ ಹೊರಡಬೇಕೆಂದಿದ್ದೆವು, ಆಗಲಿಲ್ಲ. ತಾಂಡೂರು ಇನ್ನೂ ಸಾಕಷ್ಟು ದೂರ ಇರುವಾಗಲೇ ಎಸಿ ಕೈಕೊಟ್ಟಿತು. ಕಿಟಕಿ ಇಳಿಸಿದರೆ ಒಲೆಯ ಬಾಯಿ ತೆರೆದಂತಾಯಿತು. ಸ್ವಲ್ಪ ಹೊತ್ತಿಗೆ ತಂಗಿಯ ಮುಖ ಕೆಂಪೇರಿತು, ಮಾತು ತಡವರಿಸಿತು. ತಲೆ ಸಿಡಿಯುತ್ತಿದೆ ಎಂದಳು. ರಸ್ತೆ ಪಕ್ಕದ ಬೇವಿನ ಮರದಡಿ ಕಾರು ನಿಲ್ಲಿಸಿ, ಸೀಟು ಹಿಂದಕ್ಕೆ ಒರಗಿಸಿ, ಇದ್ದ ನೀರನ್ನೆಲ್ಲ ಟವೆಲಿಗೆ ಸುರಿದು ಅವಳ ಕತ್ತಿಗೆ, ಕಂಕುಳಿಗೆ ಇಟ್ಟೆ. ಅದೇ ನೆರಳಿನಲ್ಲಿ ಕುರಿ ನಿಲ್ಲಿಸಿಕೊಂಡಿದ್ದ ಹೆಂಗಸೊಬ್ಬಳು ಏನೂ ಕೇಳದೆ ತನ್ನ ಕೊಡ ತಂದಳು. "ಹನಸ್ರಿ, ಹನಸ್ರಿ, ನೀರಿಗೇನ್ ಬಂತು" ಎನ್ನುತ್ತಾ ತಾನೇ ತಂಗಿಯ ನೆತ್ತಿಗೆ ನೀರು ಹಾಕಿ ಸೆರಗಿನಿಂದ ಗಾಳಿ ಬೀಸಿದಳು. ನಾನು ಟವೆಲನ್ನು ಮತ್ತೆ ಮತ್ತೆ ಒದ್ದೆ ಮಾಡಿ ಇಟ್ಟೆ. ಅಂಥ ಭಯವನ್ನು ನಾನು ಆಸ್ಪತ್ರೆಯ ದಿನಗಳ ನಂತರ ಮತ್ತೆ ಕಂಡಿರಲಿಲ್ಲ.

ಅವಳ ಕಣ್ಣು ತಿಳಿಯಾದ ಮೇಲೆ, "ಮನಿಗಿ ಹೋಗಾಮು" ಎಂದೆ.

"ಮನಿ ದೂರ ಅದ, ತಾಂಡೂರು ಹತ್ರ ಅದ" ಎಂದಳು. ಆಮೇಲೆ, "ಅಕ್ಕಾ, ಗ್ಯಾಸ್ ಸೋರಿದ್ರ ಸಂಜಿಗಿ ತಾನೇ ಹ್ಯಾಂಗ ವಾಪಸ್ ಬರ್ತದ?"

ಲೆಕ್ಕ ಕಲಿಸುವವಳ ತಲೆ, ಮೈ ಸುಡುತ್ತಿದ್ದರೂ ಸುಮ್ಮನಿರುವುದಿಲ್ಲ.

"ಮುಂಜಾನಿ ಎಸಿ ಹಚ್ಚಿದಾಗ ಮುಂದ ಇಂಜಿನ್ನಾಗ ಟಕ್ ಅಂತದ. ಆಮ್ಯಾಲ ತಂಪು. ಈಗ ಬಂದ್ ಮಾಡಿ ಹಚ್ಚು, ಟಕ್ ಅನ್ನಂಗಿಲ್ಲ ನೋಡು."

ಹಚ್ಚಿದೆ. ಶಬ್ದವಿಲ್ಲ. ಬಾನೆಟ್ ಎತ್ತಿ ದೂರದಿಂದಲೇ ಇಣುಕಿದೆ. ಎಸಿಯ ಕೊಳವೆಗಳು ಸೇರುವ ಕಡೆ ಬೆಲ್ಟ್ ಸುತ್ತಿಸುವ ಗಾಲಿ ತಿರುಗುತ್ತಿತ್ತು, ಅದರ ಮುಖಕ್ಕಿರುವ ತಟ್ಟೆ ಮಾತ್ರ ಅಲುಗದೆ ನಿಂತಿತ್ತು. ಅದು ಏನೆಂದು ನನಗೆ ಗೊತ್ತಿರಲಿಲ್ಲ. ನಿಂತಿದೆ ಎಂಬುದು ಗೊತ್ತಾಯಿತು.

ಮದುವೆಗೆ ಹೋದೆವು. ಒದ್ದೆ ಕೂದಲಲ್ಲಿ ತಂಗಿ ಕೂಲರಿನ ಮುಂದೆ ಕುಳಿತು ಹೋಳಿಗೆ ತಿಂದಳು. ಚಿಕ್ಕಪ್ಪ, "ನಾ ಹೇಳಿದ್ನಲ್ಲಾ" ಎಂದು ಶುರುಮಾಡಿದ. "ಹೇಳಿದ್ರಿ, ನಾವು ಬಂದ್ವಿ" ಎಂದೆ. ಹೊತ್ತು ಇಳಿದ ಮೇಲೆ ಹೊರಟಾಗ ಬಾನೆಟ್ ಎತ್ತಿ, ತಂಗಿಗೆ ಎಸಿ ಹಚ್ಚಲು ಹೇಳಿ ನೋಡಿದೆ. ಟಕ್ ಎಂದಿತು. ತಟ್ಟೆ ಗಾಲಿಗೆ ಅಂಟಿಕೊಂಡು ಜೊತೆಯಾಗಿ ತಿರುಗುತ್ತಿತ್ತು. ದಾರಿಯುದ್ದಕ್ಕೂ ತಂಪು.

ಮರುದಿನ ಬೇಕೆಂದೇ ಮಟಮಟ ಮಧ್ಯಾಹ್ನ ಊರೆಲ್ಲ ಸುತ್ತಿ, ಇಂಜಿನ್ ಕಾಯಿಸಿ, ಗ್ಯಾರೇಜಿನ ಮುಂದೆ ಬಿಸಿಲಿನಲ್ಲಿ ನಿಲ್ಲಿಸಿದೆ. ತಂಗಿಯನ್ನು ಮನೆಯಲ್ಲಿ ಬಿಟ್ಟಿದ್ದೆ.

"ಕಂಪ್ರೆಸರ್ ಹೋಗೇದ್ರಿ, ಹೊಸದು ಹಾಕಬೇಕು" ಎಂದ ಯಜಮಾನ, ಈ ಸಲ ಕಾರು ಮುಟ್ಟದೆಯೇ.

"ಹೋಗಿದ್ರ ಮುಂಜಾನಿ ಹ್ಯಾಂಗ ತಂಪು ಬರ್ತದ? ಬಾನೆಟ್ ತೆಗೀರಿ. ಆ ತಟ್ಟಿ ಯಾಕ ತಿರಗವಲ್ದು ಹೇಳ್ರಿ."

"ಗಾಡಿ ಬಿಟ್ಟು ಹೋಗ್ರಿ, ಸಂಜಿಗಿ ನೋಡ್ತೀನಿ."

"ಸಂಜಿಗಿ ಅದು ಸರಿ ಆಗ್ತದ, ನೀವು ಮತ್ತ ಏನೂ ಆಗಿಲ್ಲ ಅಂತೀರಿ. ನಾ ಇಲ್ಲೇ ಕೂಡ್ತೀನಿ. ಈಗ ನೋಡ್ರಿ."

ಸ್ಟೂಲ್ ಎಳೆದುಕೊಂಡು ಕಾರಿನ ಪಕ್ಕ ಬಿಸಿಲಲ್ಲೇ ಕುಳಿತೆ. ಪಂಕ್ಚರ್ ಹಾಕಿಸಲು ಬಂದವರು ಗುಂಪಾದರು. ಗುಂಪು ಸೇರಿದ್ದಕ್ಕೋ ಏನೋ, ಅವನು ಕೊನೆಗೆ ತಂತಿಗೆ ಹಚ್ಚುವ ಪುಟ್ಟ ದೀಪ ತಂದ. ತಟ್ಟೆಯನ್ನು ಸೆಳೆಯುವ ಅಯಸ್ಕಾಂತಕ್ಕೆ ಹೋಗುವ ತಂತಿಗೆ ಮುಟ್ಟಿಸಿದ. ದೀಪ ಹತ್ತಿತು.

"ಕರೆಂಟ್ ಬರಾಕತ್ತದ" ಎಂದ, ತನಗೇ ಹೇಳಿಕೊಂಡಂತೆ. ಉದ್ದನೆಯ ಕಟ್ಟಿಗೆ ತುಂಡಿನಿಂದ ಹುಷಾರಾಗಿ ತಟ್ಟೆಯನ್ನು ಒಳಕ್ಕೆ ಒತ್ತಿದ. ಟಕ್! ತಟ್ಟೆ ಅಂಟಿತು, ತಿರುಗಿತು. ಕಾರಿನೊಳಗೆ ಎಸಿ ಗಾಳಿಗೆ ಕೈಯೊಡ್ಡಿದೆ, ತಂಪು.

ಆಮೇಲೆ ಅವನು ಜಗಳ ಆಡಲಿಲ್ಲ. ವರ್ಷಗಟ್ಟಲೆ ಉಜ್ಜಿ ಉಜ್ಜಿ ತಟ್ಟೆ ಸವೆದಿದೆ, ಗಾಲಿಗೂ ಅದಕ್ಕೂ ನಡುವಿನ ಸಂದು ದೊಡ್ಡದಾಗಿದೆ, ಕಾದಾಗ ಅಯಸ್ಕಾಂತದ ಬಲ ಇಳಿದು ಅಷ್ಟು ದೂರ ಎಳೆಯಲಾಗುತ್ತಿಲ್ಲ ಎಂದು ವಿವರಿಸಿದ. ತಟ್ಟೆ ಬಿಚ್ಚಿ, ಸಂದು ಕಿರಿದಾಗಲೆಂದು ಹಿಂದಿದ್ದ ತೆಳುವಾದ ವಾಷರ್ ಒಂದನ್ನು ತೆಗೆದು, ಮತ್ತೆ ಕೂರಿಸಿದ. ಅಷ್ಟೇ ಕೆಲಸ.

"ಇಂಥಾದ್ದು ಅಪರೂಪಕ್ಕ ಬರ್ತದ್ರಿ" ಎಂದ.

"ಮದಲ ಸಲ ಹೇಳಿದಾಗ ಕೇಳಿದ್ರ ಅವತ್ತೇ ಸಿಗ್ತಿತ್ತು" ಎಂದೆ. ಅವನು ತಲೆಯಾಡಿಸಿದ; ಒಪ್ಪಿಯೋ, ನನ್ನನ್ನು ಕಳಿಸಿದರೆ ಸಾಕೆಂದೋ ತಿಳಿಯಲಿಲ್ಲ. ಹೊರಡುವ ಮೊದಲು ಅದೇ ಬಿಸಿಲಲ್ಲಿ ಮತ್ತೆ ಮತ್ತೆ ಎಸಿ ಹಚ್ಚಿ, ಆರಿಸಿ ನೋಡಿದೆ. ಒಮ್ಮೆಯೂ ತಪ್ಪಲಿಲ್ಲ.

ಮೇ ತಿಂಗಳಲ್ಲಿ ನಾರಾಯಣಖೇಡದ ಕಾಲೇಜೊಂದರಲ್ಲಿ ತಂಗಿ ಲೆಕ್ಕ ಕಲಿಸುವ ಬೇಸಿಗೆ ತರಗತಿ ಶುರುವಾಯಿತು. ಮೊದಲ ದಿನ, ಮಟಮಟ ಮಧ್ಯಾಹ್ನ, ಅವಳು ದಾರಿಯಲ್ಲಿ ಚಳಿಯೆಂದು ಶಾಲು ಕೇಳಿದಳು. ನಾನು ಗೆದ್ದವಳಂತೆ ಹಾರ್ನ್ ಬಾರಿಸಿದೆ, ಎದುರಿಗೆ ಯಾರೂ ಇರಲಿಲ್ಲ. ಕಾಲೇಜು ಮುಟ್ಟಿದರೆ ಅವಳಿಗೆ ಕೊಟ್ಟ ಕೋಣೆ ಮೇಲಿನ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಗುಮಾಸ್ತ ಕೈ ಹಿಸುಕಿಕೊಂಡು, "ಮ್ಯಾಡಮ್, ಈ ವರ್ಷ ಬ್ಯಾಡ ಬಿಡ್ರಿ, ಮುಂದಿನ ವರ್ಷ ನೋಡಾಮು" ಎಂದ.

ತಂಗಿ ಗಾಲಿಕುರ್ಚಿಯನ್ನು ಕೆಳಗಿನ ಉತ್ತರದ ವರಾಂಡಾಕ್ಕೆ ತಿರುಗಿಸಿ, ನೆರಳಿನ ಗೋಡೆಗೆ ಬೆನ್ನು ಮಾಡಿ ನಿಲ್ಲಿಸಿಕೊಂಡಳು.

"ನಾ ಮ್ಯಾಲ ಬರಂಗಿಲ್ರಿ. ಕ್ಲಾಸ್ ಕೆಳಗ ಬರ್ತದ. ಬೋರ್ಡ್ ತರಸ್ರಿ."

ಗುಮಾಸ್ತ ನನ್ನ ಮುಖ ನೋಡಿದ. ನಾನು ಮೇಲೆ ಹೋಗಿ ಬೆಂಚಿನ ಒಂದು ತುದಿ ಹಿಡಿದು, ಇನ್ನೊಂದು ತುದಿ ಹಿಡಿಯಲು ಅವನನ್ನು ಕರೆದೆ.