ಬಲಿಯದ ಜಾಯಿಕಾಯಿಗಾಗಿ ನಾನು ಗೆದ್ದ ವಾದ

"ನಿನಗೆ ಎಷ್ಟು ಮರ?"

ಹಡಗಿನಿಂದ ಇಳಿದು ಹತ್ತು ನಿಮಿಷವೂ ಆಗಿರಲಿಲ್ಲ. ಎರಡು ದಿನ ಡೆಕ್ಕಿನ ಮೇಲೆ, ಕೋಳಿಗೂಡುಗಳ ಪಕ್ಕದಲ್ಲಿ, ವಾಂತಿ ಮಾಡಿಕೊಂಡು ಬಂದಿದ್ದೆ. ಅಂಥವಳ ಎದುರು ನಿಂತು ಆ ಹೆಂಗಸು ಕೇಳಿದ ಮೊದಲ ಪ್ರಶ್ನೆ ಇದು. ಹೆಸರಲ್ಲ, ಊರಲ್ಲ, ಮದುವೆಯ ವಿಚಾರವೂ ಅಲ್ಲ. ನನ್ನ ಹರಕುಮುರುಕು ಇಂಡೊನೇಷ್ಯನ್ ಭಾಷೆಯಲ್ಲಿ "ಒಂದೂ ಇಲ್ಲ" ಎಂದೆ. ಆಕೆ ನನ್ನ ದೊಡ್ಡ ಸೂಟ್‌ಕೇಸನ್ನೂ ದುಬಾರಿ ಬೂಟನ್ನೂ ನೋಡಿ, ಪಕ್ಕದವಳತ್ತ ತಿರುಗಿ ಏನೋ ಗೊಣಗಿದಳು. ಅದೇನೆಂದು ತಿಳಿದದ್ದು ಭಾಷೆ ಕಲಿತ ಮೇಲೆ: "ಪಾಪ, ಈ ಹುಡುಗಿಗೆ ಯಾರೂ ಇಲ್ಲ."

ನ್ಯೂಜೆರ್ಸಿಯ ಕನ್ನಡಿಗರೇ, ನಮ್ಮಲ್ಲಿ ಹೊಸಬರನ್ನು ಕೇಳುವ ಮೊದಲ ಪ್ರಶ್ನೆ ಏನು? "ಎಚ್‌ಒನ್ನಾ, ಗ್ರೀನ್‌ಕಾರ್ಡ್ ಬಂತಾ?" ನಾನು ಎಂಟನೇ ತರಗತಿ ಮುಗಿಸಿ ಕುಂದಾಪುರದಿಂದ ಕೆಂಡಲ್ ಪಾರ್ಕಿಗೆ ಬಂದಾಗ ಅಪ್ಪನನ್ನು ಎಲ್ಲರೂ ಕೇಳಿದ್ದು ಇದನ್ನೇ. ಎರಡು ಪ್ರಶ್ನೆಗಳ ಒಳಗಿರುವುದೂ ಒಂದೇ: ನೀನಿಲ್ಲಿ ಎಷ್ಟು ಕಾಲ ನಿಲ್ಲುತ್ತೀಯ? ಆದರೆ ಆ ಹೆಂಗಸಿಗೆ ನನ್ನ ಉತ್ತರ ಕೇಳಿ ಕನಿಕರ ಹುಟ್ಟಿತು. ನಮ್ಮವರಿಗೆ 'ಇನ್ನೂ ಇಲ್ಲ' ಎಂಬ ಅಪ್ಪನ ಉತ್ತರ ಕೇಳಿ ಆಸಕ್ತಿ ಹೋಯಿತು.

ದ್ವೀಪ ಇರುವುದು ಇಂಡೊನೇಷ್ಯದ ಪೂರ್ವದಲ್ಲಿ, ಮಲುಕು ಎಂಬ ಸಾಂಬಾರ ದ್ವೀಪಗಳ ಗುಂಪಿನಲ್ಲಿ. ಹೆಸರು ಹೇಳುವುದಿಲ್ಲ. ಹೇಳಿದರೆ ನಿಮ್ಮಲ್ಲಿ ಯಾರಾದರೂ ಒಬ್ಬರು ಅಲ್ಲಿ ರೆಸಾರ್ಟ್ ಕಟ್ಟುವ ಯೋಚನೆ ಮಾಡುತ್ತೀರಿ. ಎಂಬತ್ತು ಚಿಲ್ಲರೆ ಮನೆ, ಒಂದು ಚರ್ಚು, ಒಂದು ಶಾಲೆ, ಒಂದೇ ಒಂದು ಮೋಟಾರ್‌ಬೈಕು. ಬೈಕು ಊರಿನ ಮುಖ್ಯಸ್ಥನದು. ಅವನನ್ನು 'ರಾಜ' ಎನ್ನುತ್ತಾರೆ. ಅರಮನೆ ಗಿರಮನೆ ಇಲ್ಲ, ನಮ್ಮ ಪಂಚಾಯಿತಿ ಅಧ್ಯಕ್ಷರಿದ್ದ ಹಾಗೆ. ಉಳಿದ ಎಲ್ಲ ಕಡೆಯೂ ಜಾಯಿಕಾಯಿ ಮರ.

ನನ್ನನ್ನು ಅಲ್ಲಿಗೆ ಕಳಿಸಿದ್ದೂ ಜಾಯಿಕಾಯಿಯೇ. ಐಸೆಲಿನ್‌ನಲ್ಲಿ ಸಾಂಬಾರ ಪದಾರ್ಥ ತರಿಸಿ ಮಾರುವ ಸತೀಶ್ ಅಂಕಲ್ ಅಪ್ಪನ ಸ್ನೇಹಿತರು. ನಡುವಿನ ವ್ಯಾಪಾರಿಗಳನ್ನು ಬಿಟ್ಟು ನೇರ ಬೆಳೆಗಾರರಿಂದ ಕೊಳ್ಳಬೇಕೆಂಬ ಆಸೆ ಅವರಿಗೆ. ನಾನು ಫೋರ್ಟ್ ಲೀಯಿಂದ ದಿನಾ ಸೇತುವೆ ದಾಟಿ ಮ್ಯಾನ್‌ಹಟನ್‌ಗೆ ಹೋಗುತ್ತಿದ್ದ ಕೆಲಸ ಬಿಟ್ಟು ಕೂತಿದ್ದೆ. "ನೀನು ಡಿಬೇಟ್ ಚಾಂಪಿಯನ್ ಅಲ್ವೇನಮ್ಮಾ, ಅವರನ್ನ ಕನ್ವಿನ್ಸ್ ಮಾಡೋಕೆ ನಿನಗಿಂತ ಯಾರು ಬೇಕು?" ಎಂದರು. ಉಬ್ಬಿಹೋದೆ. ಕುಂದಾಪುರದ ಶಾಲೆಯ ಚರ್ಚಾ ಸ್ಪರ್ಧೆಯಿಂದ ಇಲ್ಲಿನ ಕಾಲೇಜು ತಂಡದವರೆಗೆ ನನಗೆ ಗೊತ್ತಿದ್ದ ಕಸುಬು ಒಂದೇ: ಎದುರಿನವರ ಬಾಯಿ ಮುಚ್ಚಿಸುವುದು.

ಬಂದರಿನಲ್ಲಿ ನನ್ನನ್ನು ಕಂಡು ಮರುಗಿದ ಹೆಂಗಸು ಮಾಮಾ ದೋರ್ಚೆ. ಅಲ್ಲಿ ತಾಯಿಯ ವಯಸ್ಸಿನವರೆಲ್ಲ ಮಾಮಾ. ಆಕೆಯ ಮನೆಯ ಹಿಂದಿನ ಕೋಣೆಯೇ ನನ್ನ ಬಿಡಾರವಾಯಿತು. ಲೀಸ್ ಇಲ್ಲ, ಕ್ರೆಡಿಟ್ ಸ್ಕೋರ್ ಕೇಳಲಿಲ್ಲ. ಬದಲಿಗೆ ನಾನು ಎಲ್ಲಿಗೆ ಹೋದೆ, ಎಷ್ಟು ತಿಂದೆ, ಯಾಕೆ ಅತ್ತೆ ಎಂಬುದು ಸಂಜೆಯೊಳಗೆ ಎಂಬತ್ತು ಮನೆಗೂ ಗೊತ್ತಾಗುತ್ತಿತ್ತು. ಫೋರ್ಟ್ ಲೀಯ ಇಪ್ಪತ್ತೆರಡನೇ ಮಹಡಿಯಲ್ಲಿ ಮೂರು ವರ್ಷ ಇದ್ದವಳಿಗೆ ಎದುರು ಬಾಗಿಲಿನವರ ಹೆಸರು ಗೊತ್ತಿರಲಿಲ್ಲ. ಯಾವ ಒಂಟಿತನ ಮೇಲು ಎಂದು ಕೇಳಬೇಡಿ. ದ್ವೀಪದಲ್ಲಿ ನನಗೆ ಒಂಟಿಯಾಗಿ ಅಳಲೂ ಜಾಗವಿರಲಿಲ್ಲ.

ಊಟಕ್ಕೆ 'ಪಾಪೆಡಾ'. ಸಾಗೋ ಮರದ ಹಿಟ್ಟಿಗೆ ಕುದಿನೀರು ಸುರಿದು ತಿರುವಿದ, ಬಟ್ಟೆಗೆ ಹಾಕುವ ಗಂಜಿಯಂಥ ಅಂಟು. ಅದನ್ನು ಎರಡು ಕಡ್ಡಿಯಲ್ಲಿ ಸುತ್ತಿ ಅರಿಸಿನದ ಮೀನುಸಾರಿನಲ್ಲಿ ಬಿಡುತ್ತಾರೆ. ಮೈಸೂರು ಕಡೆಯವರಾಗಿದ್ದರೆ ಮುದ್ದೆ ನುಂಗಿ ಅಭ್ಯಾಸವಿರುತ್ತಿತ್ತು. ನಾನು ಕರಾವಳಿಯವಳು, ಅಗಿಯಲು ಹೋದೆ. ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ಅಂಟಿತು.

"ನೋನಾ, ಅದಕ್ಕೆ ಹಲ್ಲು ಬೇಡ. ಬಿಟ್ಟುಬಿಡು, ಅದಕ್ಕೇ ದಾರಿ ಗೊತ್ತು," ಎಂದು ಮಾಮಾ ದೋರ್ಚೆ ನಕ್ಕು ನೆಲಕ್ಕೆ ಕುಸಿದಳು. ನೋನಾ ಎಂದರೆ ಹುಡುಗಿ. ಮುಂದೆ ಅದೇ ನನ್ನ ಹೆಸರಾಯಿತು.

ಫೋನಿನ ಸಿಗ್ನಲ್ ಸಿಗುವುದು ಗುಡ್ಡದ ಮೇಲೆ ಮಾತ್ರ. ಹತ್ತಿ ಮಾತಾಡಿದರೆ ನೀವು ಹೇಳುತ್ತಿದ್ದುದೇನು? "ಪ್ಯಾರಡೈಸ್‌ನಲ್ಲಿದ್ದೀಯ, ಲಕ್ಕಿ ಕಣೇ." ಇಲ್ಲವೇ, "ಅಷ್ಟೊಂದು ಸ್ಪೈಸ್ ಬೆಳೀತಾರೆ, ಆದ್ರೂ ಯಾಕೆ ಬಡವ್ರು? ಸೋಮಾರಿಗಳಾ?" ಈ ಎರಡನೆಯದಕ್ಕೆ ಉತ್ತರ ಕೊಡದಿದ್ದರೆ ನನಗೆ ಸಮಾಧಾನವಿಲ್ಲ. ಹಡಗು ಬರುವುದು ಎರಡು ವಾರಕ್ಕೊಮ್ಮೆ. ಅಲೆ ಎದ್ದರೆ ಬರುವುದೇ ಇಲ್ಲ. ಮೀನು, ಸಾಗೋ, ಮರಗೆಣಸು ದ್ವೀಪದ್ದು. ಸೋಪು, ಸೀಮೆಎಣ್ಣೆ, ಮಕ್ಕಳ ಯೂನಿಫಾರಂ, ಚಾವಣಿಯ ತಗಡು ಎಲ್ಲ ಹಡಗಿನದ್ದು, ಎಲ್ಲಕ್ಕೂ ದುಪ್ಪಟ್ಟು ಬೆಲೆ. ಅದನ್ನೆಲ್ಲ ಕೊಳ್ಳುವುದಕ್ಕಿರುವುದು ಜಾಯಿಕಾಯಿ ಒಂದೇ, ಅದರ ದರವನ್ನು ದೂರದ ಪಟ್ಟಣದ ವ್ಯಾಪಾರಿ ಹೇಳುತ್ತಾನೆ. ಒಪ್ಪದಿದ್ದರೆ ಮೂಟೆಯನ್ನು ವಾಪಸ್ ಹೊತ್ತುಕೊಂಡು ಎರಡು ವಾರ ಕಾಯಬೇಕು. ಬೆಳಗಿನ ಜಾವ ಎದ್ದು ಕಾಯಿ ಕೊಯ್ದು, ಬಿದಿರಿನ ತಟ್ಟಿಯ ಮೇಲೆ ವಾರಗಟ್ಟಲೆ ಹೊಗೆ ಹಾಕಿ ಒಣಗಿಸುವ ಹೆಂಗಸನ್ನು, ರೂಟ್ ಒನ್ ಟ್ರಾಫಿಕ್ಕಿನಲ್ಲಿ ಎಸಿ ಹಾಕಿಕೊಂಡು ಕೂತವರು ಸೋಮಾರಿ ಎನ್ನುತ್ತೀರಿ. ನಾಚಿಕೆಯಾಗಬೇಕು.

ಆದರೆ ನಿಮಗಿಂತ ಹೆಚ್ಚು ಹಾನಿ ಮಾಡಿದವಳು ನಾನು. ಅದನ್ನೇ ಹೇಳಬೇಕಾಗಿರುವುದು.

ಆ ದ್ವೀಪದಲ್ಲಿ 'ಸಾಸಿ' ಎಂಬ ಕಟ್ಟಳೆ ಇದೆ. ವರ್ಷದಲ್ಲಿ ಕೆಲವು ತಿಂಗಳು ಜಾಯಿಕಾಯಿಯನ್ನು 'ಮುಚ್ಚುತ್ತಾರೆ'. ಎಳೆಯ ತೆಂಗಿನ ಗರಿಯನ್ನು ಕಂಬಕ್ಕೆ ಕಟ್ಟಿ ಚರ್ಚಿನಲ್ಲಿ ಪ್ರಾರ್ಥನೆ ಮಾಡಿದರೆ, ತೆರೆಯುವ ದಿನದವರೆಗೆ ಯಾರೂ ತಮ್ಮ ಸ್ವಂತ ಮರದ ಕಾಯಿಯನ್ನೂ ಮುಟ್ಟುವಂತಿಲ್ಲ. ಕಾವಲಿಗೆ ತೇತೆ ಮಾಟೆಯಸ್ ಎಂಬ ಮುದುಕ. ತೇತೆ ಎಂದರೆ ಅಜ್ಜ. ಕೈಯಲ್ಲೊಂದು ಕೋಲು, ಬಾಯಲ್ಲಿ ಎರಡು ಹಲ್ಲು, ಮಾತು ಅದಕ್ಕಿಂತ ಕಡಿಮೆ.

ತೆರೆಯಲು ಇನ್ನೂ ಎರಡು ತಿಂಗಳಿದ್ದಾಗ ಸತೀಶ್ ಅಂಕಲ್ ಫೋನ್ ಮಾಡಿದರು. "ಶಮಾ, ದೀಪಾವಳಿಗೆ ಮಾಲು ಶೆಲ್ಫ್‌ನಲ್ಲಿ ಇರಬೇಕಮ್ಮ. ಕಂಟೇನರ್ ಬುಕ್ ಮಾಡ್ಬಿಟ್ಟಿದೀನಿ. ಅದೇನೋ ಸೂಪರ್‌ಸ್ಟಿಷನ್ ಅಂದ್ಯಲ್ಲ, ಸ್ವಲ್ಪ ಮಾತಾಡಿ ನೋಡು."

ಮೂಢನಂಬಿಕೆ! ನನ್ನಂಥ ವಿಚಾರವಾದಿಗೆ ಇದಕ್ಕಿಂತ ರುಚಿಯಾದ ವಿಷಯ ಯಾವುದಿದೆ? ರಾಜನಿಗೆ ಹೇಳಿ ಸಭೆ ಸೇರಿಸಿದೆ. ನಲವತ್ತು ನಿಮಿಷ ಮಾತಾಡಿದೆ. ನಿಮಗೆ ಕೊಡುತ್ತಿರುವುದು ವ್ಯಾಪಾರಿಗಿಂತ ಒಳ್ಳೆಯ ದರ. ಹಣ್ಣಾಗಿ ಬಿದ್ದದ್ದು ನೆಲದಲ್ಲಿ ಕೊಳೆಯುತ್ತಿದೆ. ಗರಿ ಕಟ್ಟಿದ್ದಕ್ಕೂ ಫಸಲಿಗೂ ಸಂಬಂಧವಿದೆ ಎಂದು ಯಾರಾದರೂ ತೋರಿಸಿಕೊಡಿ. ತೇತೆ ಮಾಟೆಯಸ್ ಒಂದೇ ಸಲ ಬಾಯಿ ತೆರೆದ: "ಬಹಳ ಕಾಯಿ ಇನ್ನೂ ಬಲಿತು ಬಿರಿದಿಲ್ಲ, ನೋನಾ."

"ಬಿರಿದದ್ದನ್ನು ಮಾತ್ರ ಕೊಯ್ಯಿರಿ. ಅದಕ್ಕೆ ಕಟ್ಟಳೆ ಯಾಕೆ ಬೇಕು? ಕಣ್ಣು ಸಾಕಲ್ಲ?" ಎಂದೆ. ಯಾರೋ ನಕ್ಕರು. ಮುದುಕ ತನ್ನ ಕಾಲ್ಬೆರಳು ನೋಡುತ್ತ ಕೂತ. ಆಮೇಲೆ ಎಲ್ಲರೂ ಸುಮ್ಮನಾದರು. ಮಾಮಾ ದೋರ್ಚೆಯೂ.

ಡಿಬೇಟಿನಲ್ಲಿ ಒಂದು ನಿಯಮವಿದೆ: ಎದುರಾಳಿ ಉತ್ತರಿಸದ ವಾದವನ್ನು ಆತ ಒಪ್ಪಿಕೊಂಡಂತೆ. ಆ ಮೌನವನ್ನು ನಾನು ಹಾಗೆಯೇ ಲೆಕ್ಕ ಹಾಕಿದೆ. ಒಳ್ಳೆಯ ದರದ ಆಸೆಗೆ ರಾಜನಿಗೂ ಅದೇ ಬೇಕಿತ್ತು. "ಯಾರದೂ ಅಭ್ಯಂತರವಿಲ್ಲ" ಎಂದು ಸಭೆ ಮುಗಿಸಿದ. ಆ ಊರಿನಲ್ಲಿ ಅತಿಥಿಗೆ 'ಇಲ್ಲ' ಎನ್ನುವ ಕ್ರಮ ಅದೇ, ಎಲ್ಲರೂ ನೆಲ ನೋಡುತ್ತ ಸುಮ್ಮನೆ ಕೂರುವುದು. ಮರ್ಯಾದೆಯುಳ್ಳ ಅತಿಥಿ ಅದನ್ನು ಅರಿತು ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಾನೆ. ನಾನು ಎದ್ದು ಎಲ್ಲರ ಕೈ ಕುಲುಕಿದೆ.

ಗರಿ ಬಿಚ್ಚಿದ ಮೊದಲ ದಿನ ಬಿರಿದ ಕಾಯಿಗಳನ್ನೇ ಕೊಯ್ದರು. ಮೂರನೆಯ ದಿನಕ್ಕೆ ಗುಡ್ಡವಿಡೀ ಓಟ. ಅಲ್ಲಿ ಮರಕ್ಕೆ ಒಡೆಯರಿದ್ದಾರೆ, ತೋಟಕ್ಕೆ ಬೇಲಿಯಿಲ್ಲ. ನನ್ನ ಮರದ ಹಸಿರು ಕಾಯಿಯನ್ನು ಇವತ್ತು ಬಿಟ್ಟರೆ ನಾಳೆ ಅದು ಇರುತ್ತದೆಂದು ಯಾರು ಹೇಳಬೇಕು? ಆ ಭರವಸೆ ಕೊಡುತ್ತಿದ್ದುದೇ ಸಾಸಿ. ಎಲ್ಲರ ಕೈಯನ್ನೂ ಒಟ್ಟಿಗೆ ಕಟ್ಟಿ, ಬಹುಪಾಲು ಬಲಿತ ಮೇಲೆ ಒಟ್ಟಿಗೆ ಬಿಚ್ಚುವುದು. ಕಾಲೇಜಿನ ಎಕನಾಮಿಕ್ಸ್ ಕ್ಲಾಸಿನಲ್ಲಿ ಇದನ್ನೇ ಹದಿನೈದು ಸ್ಲೈಡುಗಳಲ್ಲಿ ಓದಿ ಎ ಗ್ರೇಡ್ ತೆಗೆದವಳು ನಾನು. ಕಣ್ಣೆದುರು ಗರಿಯ ರೂಪದಲ್ಲಿ ಕಂಡಾಗ ಗುರುತೇ ಸಿಗಲಿಲ್ಲ. ಮೂಢನಂಬಿಕೆಯಂತೆ!

ಹಸಿರು ಕಾಯಿಯೊಳಗೆ ಕೆಂಪಾಗಿರಬೇಕಾದ ಜಾಪತ್ರೆ ಬಿಳಿಚಿಕೊಂಡಿತ್ತು. ಬೀಜ ಒಣಗಿದಂತೆ ಸುಕ್ಕುಗಟ್ಟಿತು. ಮಾಮಾ ದೋರ್ಚೆ ತನ್ನ ಸ್ವಂತ ಮೈದುನನೊಂದಿಗೆ ಎರಡು ಮರಕ್ಕಾಗಿ ಜಗಳಾಡಿ ಮಾತು ಬಿಟ್ಟಳು. ತೇತೆ ಮಾಟೆಯಸ್ ತನ್ನ ಕೋಲನ್ನು ತಂದು ರಾಜನ ಬೈಕಿಗೆ ಒರಗಿಸಿ ಮನೆಗೆ ಹೋದ.

ಆಗ ಮಾಮಾ ದೋರ್ಚೆಯನ್ನು ಕೇಳಿದೆ, "ಸಭೆಯಲ್ಲಿ ಯಾಕೆ ಒಂದು ಮಾತೂ ಆಡಲಿಲ್ಲ?"

"ಆಡಿದೆವಲ್ಲ! ಅಷ್ಟು ಹೊತ್ತು ಸುಮ್ಮನಿದ್ದೆವು. ಇನ್ನೂ ಎಷ್ಟು ಹೇಳಬೇಕಿತ್ತು ನಿನಗೆ?" ಎಂದಳು.

ಮತ್ತೆ ಸಭೆ ಸೇರಿಸಿ ತಪ್ಪು ನನ್ನದೆಂದೆ. ಊರವರು ಸಾಸಿಯನ್ನು ಪುನಃ ಕಟ್ಟಲು ನಿರ್ಧರಿಸಿದರು, ಮರ ಸುಧಾರಿಸಿಕೊಳ್ಳಲಿ ಎಂದು ಈ ಬಾರಿ ದೀರ್ಘ ಕಾಲಕ್ಕೆ. ಅಂದರೆ ಅಷ್ಟೂ ತಿಂಗಳು ಸೋಪಿಲ್ಲ, ಯೂನಿಫಾರಂ ಇಲ್ಲ. ಆದರೆ ಮುಚ್ಚುವ ಮೊದಲು ಮುರಿದವರಿಗೆ ಶಿಕ್ಷೆಯಾಗಬೇಕು. ಹಸಿರು ಕಾಯಿಗಳ ಸರವನ್ನು ಕೊರಳಿಗೆ ಹಾಕಿಕೊಂಡು, ಪ್ರತಿ ಮನೆಯ ಮುಂದೆ ನಿಂತು ತಪ್ಪನ್ನು ಕೂಗಿ ಹೇಳಬೇಕು. ರಾಜ ಗಂಟಲು ಸರಿಮಾಡಿಕೊಂಡು, ಇವಳು ಅತಿಥಿ, ಅತಿಥಿಗೆ ಶಿಕ್ಷೆ ಇಲ್ಲ ಎಂದ.

"ಯಾವ ಅತಿಥಿ?" ಮಾಮಾ ದೋರ್ಚೆ ಎದ್ದಳು. "ಒಂದು ವರ್ಷದಿಂದ ನನ್ನ ಮನೆಯ ಪಾಪೆಡಾ ನುಂಗುತ್ತಿದ್ದಾಳೆ. ಹಾಕಿ ಸರ!"

ಎಂಬತ್ತು ಚಿಲ್ಲರೆ ಮನೆ. "ಬಲಿಯದ್ದನ್ನು ಕೀಳಿಸಿದವಳು ನಾನು." ನನ್ನ ಉಚ್ಚಾರ ಕೇಳಿ ಮಕ್ಕಳು ಬಿದ್ದು ಬಿದ್ದು ನಕ್ಕು ತಿದ್ದಿದರು. ತೇತೆ ಮಾಟೆಯಸ್ ಜಗುಲಿಯಲ್ಲಿ ಕಿವಿಗೆ ಕೈ ಹಿಡಿದು ಕೂತಿದ್ದ. "ಕೇಳಿಸಲಿಲ್ಲ, ನೋನಾ. ಸಭೆಯಲ್ಲಿ ಚೆನ್ನಾಗಿ ಕಿರುಚಿದ್ದೆಯಲ್ಲ?" ಮೂರು ಸಲ ಹೇಳಿಸಿದ. ಮೂರನೆಯ ಸಲಕ್ಕೆ ಎದ್ದು ಬಂದು ಕೊರಳ ಸರವನ್ನು ತೆಗೆದ. ಮರುದಿನ ಚರ್ಚಿನಲ್ಲಿ, ಕಟ್ಟಳೆಗೆ ಒಳಪಟ್ಟವರ ಹೆಸರುಗಳನ್ನು ಮನೆಮನೆಯಾಗಿ ಓದುವಾಗ, ದೋರ್ಚೆಯ ಮನೆಯ ಕೊನೆಗೆ ನನ್ನ ಹೆಸರೂ ಇತ್ತು.

ವೀಸಾ ಮುಗಿದು ನಾನು ಕೆಂಡಲ್ ಪಾರ್ಕಿಗೆ ಮರಳಿ ಆರು ವಾರವಾಯಿತು. ಕಳೆದ ಶನಿವಾರ ಐಸೆಲಿನ್‌ಗೆ ಹೋಗಿದ್ದೆ. ಆ ಸುಕ್ಕು ಜಾಯಿಕಾಯಿಯನ್ನು ಅಂಕಲ್ ಪುಡಿ ಮಾಡಿಸಿದ್ದಾರೆ. ಪುಡಿಯಾದ ಮೇಲೆ ಸುಕ್ಕು ಯಾರಿಗೆ ಕಾಣುತ್ತದೆ? ಡಬ್ಬಿಯ ಮೇಲೆ ನಗುವ ಮುದುಕನ ಚಿತ್ರ ಬೇರೆ.

"ಕ್ವಾಲಿಟಿ ಡಲ್ಲು. ಚೀಟ್ ಮಾಡಿದ್ರು ನಿನ್ನ ಜನ," ಎಂದರು.

"ಅವರಲ್ಲ ಅಂಕಲ್. ನಾನು. ನೀವು ಹೇಳಿದ್ದಕ್ಕೆ."

"ಅಯ್ಯೋ ಬಿಡಮ್ಮ, ಬಿಸಿನೆಸ್ ಅಂದ್ಮೇಲೆ ಆಗುತ್ತೆ. ನಿನ್ನ ಮೇಲೆ ನನಗೇನೂ ಕೋಪ ಇಲ್ಲ. ನೆಕ್ಸ್ಟ್ ಇಯರ್ ಮತ್ತೆ ಹೋಗು, ಇನ್ನೂ ಸ್ವಲ್ಪ ಬೇಗ ಓಪನ್ ಮಾಡ್ಸು. ಈ ಸಲ ನಮ್ಮ ಕನ್ನಡ ಸಂಘದ ಸಂಚಿಕೆಗೆ ಒಂದು ಆರ್ಟಿಕಲ್ ಬರೆದುಬಿಡು. ಜನಕ್ಕೆ ಇನ್‌ಸ್ಪಿರೇಷನ್ ಆಗುತ್ತೆ."

ಬರೆದಿದ್ದೇನೆ. ಆ ಡಬ್ಬಿಯನ್ನು ಕೊಳ್ಳಬೇಡಿ. ಅಂಕಲ್, ನಾನು ಯಾವುದನ್ನೂ ಬೇಗ ಓಪನ್ ಮಾಡಿಸುವುದಿಲ್ಲ. ನನ್ನ ಮೇಲೆ ನಿಮಗೆ ಕೋಪ ಬರಲಿಲ್ಲವಲ್ಲ, ಅದಕ್ಕೇ ನನಗೆ ಹೆಚ್ಚು ಕೋಪ. ನನ್ನನ್ನು ಬೆಳೆಸಿದ ಈ ಊರಿನಲ್ಲಿ ನಾನು ಮಾಡಿದ್ದನ್ನು ತಪ್ಪೆಂದು ಹೇಳುವವರು ಒಬ್ಬರೂ ಸಿಗಲಿಲ್ಲ.

ನಿನ್ನೆ ಅಮ್ಮ ಪಾಯಸಕ್ಕೆ ಜಾಯಿಕಾಯಿ ತುರಿದುಕೊಡು ಎಂದು ಕೈಗಿಡಲು ಬಂದರು. ನಾನು ಕೈ ಚಾಚಲಿಲ್ಲ.

"ಮುಟ್ಟೋ ಹಾಗಿಲ್ಲಮ್ಮ. ತೆರೆಯೋಕೆ ಇನ್ನೂ ಟೈಮಿದೆ."

"ಏನು ಮರುಳು ಕಟ್ಟಿದ್ದಾ ನಿಂಗೆ? ಇದು ಊರಿಂದ ಚಿಕ್ಕಮ್ಮ ಕಳಿಸಿದ್ದು. ನಿನ್ನ ದ್ವೀಪದ್ದಲ್ಲ."

ಅಮ್ಮನ ವಾದದಲ್ಲಿ ಒಂದು ಲೋಪವೂ ಇರಲಿಲ್ಲ. ನೆಲ ನೋಡುತ್ತ ಸುಮ್ಮನೆ ನಿಂತೆ. ಅಮ್ಮ ನನ್ನನ್ನು ನೋಡಿ, "ಸರಿ ಹಾಗಾದ್ರೆ, ಒಪ್ಕೊಂಡ್ಯಲ್ಲ," ಎಂದು ಜಾಯಿಕಾಯಿಯನ್ನು ನನ್ನ ಮುಂದಿಟ್ಟು ಒಲೆಯತ್ತ ತಿರುಗಿದರು.