ಅಡವಿ ಹೊಲದ ಸೋಮವಾರ

ನಾನು ಚಿಕ್ಕವಳಿದ್ದಾಗ ನಮ್ಮ ಅಡವಿಯ ಮನೆಯಲ್ಲಿ ವಾರಗಳು ಕಳೆದುಹೋಗುತ್ತಿದ್ದವು. ನಿಮಗೆ ಪೆನ್ಸಿಲ್, ರಬ್ಬರ್, ಒಂದು ಕಾಲಿನ ಸಾಕ್ಸ್ ಕಳೆಯುತ್ತವಲ್ಲ, ಹಾಗೆ ನಮಗೆ ಮಂಗಳವಾರವೋ ಗುರುವಾರವೋ ಕಳೆಯುತ್ತಿತ್ತು. ನೋಡಿ ತಿಳಿಯೋಣವೆಂದರೆ ಗೋಡೆಯ ಮೇಲೆ ಕ್ಯಾಲೆಂಡರ್ ಇರಲಿಲ್ಲ. ಕ್ಯಾಲೆಂಡರ್ ನೇತುಹಾಕಲು ಗೋಡೆಯೇ ಇರಲಿಲ್ಲ, ಇದ್ದದ್ದು ಕಟ್ಟಿಗೆಯ ತಟ್ಟಿ. ನಗುವುದಿದ್ದರೆ ಈಗಲೇ ನಕ್ಕುಬಿಡಿ, ಮುಂದೆ ನಾನು ನನ್ನ ಅಪ್ಪ ಅವ್ವನ ಬಗ್ಗೆ ಜಂಬ ಕೊಚ್ಚುವುದಿದೆ.

ಹಾನಗಲ್ಲಿನಿಂದ ಪಡುವಣಕ್ಕೆ ಹೋದರೆ ಒಂದು ಕಡೆ ಊರುಗಳು ಮುಗಿದು ಅಡವಿ ಶುರುವಾಗುತ್ತದೆ. ಆ ಅಡವಿಯ ಒಳಗೆ, ಹಳ್ಳದ ದಂಡೆಗೆ, ನಮ್ಮ ಮನೆತನದ ಒಂದು ತುಂಡು ಹೊಲವಿತ್ತು. ದಾರಿಯಿಲ್ಲ, ನೆರೆಹೊರೆಯಿಲ್ಲ, ಹಂದಿ ಮಂಗಗಳ ಕಾಟ ಬೇರೆ. ಹೀಗಾಗಿ ಎಷ್ಟೋ ವರ್ಷ ಅದನ್ನು ಯಾರೂ ಉತ್ತಿರಲಿಲ್ಲ. ಅಪ್ಪನಿಗೆ ಮಾತ್ರ ಆ ಮಣ್ಣಿನ ಮೇಲೆ ಕಣ್ಣು. ಮುಳ್ಳುಕಂಟಿ ಕಡಿದು, ಬೇರು ಕಿತ್ತು, ಇರಲು ತಟ್ಟಿಯ ಗುಡಿಸಲು ಕಟ್ಟಿ, ಮಳೆಗಾಲ ಮುಗಿಯುತ್ತಲೇ ಕಡಲೆ ಬಿತ್ತಿಬಿಟ್ಟ. ಅಪ್ಪನ ಅಪ್ಪ, ಅಂದರೆ ನನ್ನ ಅಜ್ಜನಿಗೆ ಇದು ಚೂರೂ ಹಿಡಿಸಲಿಲ್ಲ. ಮನೆಯಲ್ಲಿ ಅಜ್ಜನ ಮಾತೇ ಕಡೆಯ ಮಾತು.

"ಈ ವರ್ಷದ ಕಡ್ಲಿ ಮನಿ ಮುಟ್ಟಿದ್ರ ಆ ಹೊಲ ನೀನ ಮಾಡ್ಕೋ" ಎಂದಿದ್ದ ಅಜ್ಜ. "ಮುಟ್ಟಲಿಲ್ಲಾಂದ್ರ ಅಡವಿ ಸುದ್ದಿ ಬಿಟ್ಟು ಊರಾಗ ನಮ್ಮ ಜೋಡಿ ಇರಬೇಕು ನೋಡು."

ಅಪ್ಪ ಹೂಂ ಅಂದ. ಸಂಕ್ರಾಂತಿ ಮುಗಿದ ಮೇಲೆ ಎತ್ತಿನ ಗಾಡಿಯಲ್ಲಿ ಹಿಟ್ಟು, ಉಪ್ಪು, ಖಾರ, ಕೌದಿ, ಕಂಬಳಿ ಹೇರಿಕೊಂಡು ಅಪ್ಪ ಅವ್ವ ಅಡವಿಗೆ ಹೊರಟರು. ಅಕ್ಕನಿಗೆ ಶಾಲೆಯಿತ್ತು, ಅವಳು ಅಜ್ಜನ ಬಳಿ ಉಳಿದಳು. ನಾನು ಅವ್ವನ ಸೆರಗು ಬಿಡುವವಳಲ್ಲ, ಹಿಟ್ಟಿನ ಚೀಲದ ಮೇಲೆ ಕುಳಿತು ಹೊರಟೆ.

ಅಲ್ಲಿನ ಚಳಿಯನ್ನು ನಿಮಗೆ ಹೇಗೆ ಹೇಳಲಿ? ಬೆಳಿಗ್ಗೆ ಎದ್ದು ಬಾಯಿ ತೆರೆದರೆ ಹೊಗೆ. ಹಳ್ಳದ ಮೇಲೆ ಮಂಜು ಹಾಸಿರುತ್ತಿತ್ತು, ಅದರೊಳಗಿಂದ ನವಿಲು ಕೂಗುವುದು ಕೇಳುತ್ತಿತ್ತೇ ಹೊರತು ಕಾಣುತ್ತಿರಲಿಲ್ಲ. ಅವ್ವ ಬೂದಿಯಲ್ಲಿ ಮುಚ್ಚಿಟ್ಟ ಕೆಂಡವನ್ನು ಕೆದಕಿ ಊದಿ ಒಲೆ ಹೊತ್ತಿಸುತ್ತಿದ್ದಳು. ಮೂರು ಕಲ್ಲಿನ ಆ ಒಲೆಯ ಮೇಲೆ ಜೋಳದ ರೊಟ್ಟಿ ಉಬ್ಬುವ ವಾಸನೆ ಬಂದರೆ ಮಾತ್ರ ನಾನು ಕೌದಿಯಿಂದ ತಲೆ ಹೊರಗೆ ಹಾಕುತ್ತಿದ್ದುದು. ಕುಡಿಯುವ ನೀರಿಗೆ ಹಳ್ಳದ ಮರಳಿನಲ್ಲಿ ಅಪ್ಪ ಒರತೆ ತೋಡಿದ್ದ. ಅಷ್ಟು ತಣ್ಣಗಿನ, ಅಷ್ಟು ಸಿಹಿ ನೀರನ್ನು ನಾನು ಮತ್ತೆಲ್ಲೂ ಕುಡಿದಿಲ್ಲ.

ಕಡಲೆಗಿಡದ ಮೇಲೆ ಬಿದ್ದ ಇಬ್ಬನಿ ಹುಳಿಯಾಗಿರುತ್ತದೆ, ಗೊತ್ತೇ? ಅವ್ವ ಸಂಜೆ ಬಿಳಿ ಬಟ್ಟೆಯೊಂದನ್ನು ಗಿಡಗಳ ಮೇಲೆ ಹಾಸಿ ಬರುವಳು, ಬೆಳಿಗ್ಗೆ ಅದನ್ನು ಹಿಂಡಿ ಆ ಹುಳಿಯನ್ನು ಸೀಸೆಯಲ್ಲಿ ತುಂಬಿಡುವಳು. ನಾನು ಕದ್ದು ಬೆರಳು ಅದ್ದಿ ನೆಕ್ಕಿ ಮುಖ ಕಿವುಚುತ್ತಿದ್ದೆ. ಬೆಳೆದ ಕಡಲೆಯನ್ನು ಕೀಳುವುದೂ ಇಬ್ಬನಿ ಆರುವ ಮೊದಲೇ, ಬಿಸಿಲೇರಿದರೆ ಕಾಯಿ ಒಡೆದು ಉದುರುತ್ತದೆ. ಕೈ ಒಡೆದು ಗೆರೆಗೆರೆಯಾಗಿ, ಗಾಯಕ್ಕೆ ಹುಳಿ ತಾಗಿ ಚುರ್ ಅನ್ನುತ್ತಿತ್ತು. ಅಪ್ಪ ಅವ್ವ ಒಬ್ಬರ ಅಂಗೈ ಒಬ್ಬರು ನೋಡಿಕೊಂಡು "ಯಾರದ ಹೆಚ್ಚ ಒಡದೈತಿ?" ಎಂದು ಪಂದ್ಯ ಕಟ್ಟುತ್ತಿದ್ದರು. ಗೆಲ್ಲುವವಳು ಯಾವಾಗಲೂ ಅವ್ವ. ನಡುವೆ ಒಂದು ದಿನ ಅಪ್ಪ ಜ್ವರ ಬಂದು ಮಲಗಿದ, ಆ ದಿನ ಅವ್ವ ಒಬ್ಬಳೇ ಕಿತ್ತಳು.

ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ. ಅದು ಬಸವಣ್ಣನ ದಿನ. ಆ ದಿನ ಎತ್ತಿನ ಹೆಗಲ ಮೇಲೆ ನೊಗ ಇಡುವಂತಿಲ್ಲ, ಮೈ ತೊಳೆದು, ಮೇವು ಹಾಕಿ, ಆರಾಮವಾಗಿ ಬಿಡಬೇಕು. ಊರಿನಲ್ಲಿ ಇದು ಸುಲಭ, ಗುಡಿಯ ಗಂಟೆಯೋ ಅಕ್ಕಪಕ್ಕದವರೋ ನೆನಪು ಮಾಡುತ್ತಾರೆ. ಅಡವಿಯಲ್ಲಿ ನೆನಪು ಮಾಡುವವರು ಯಾರು? ಅಪ್ಪನ ಲೆಕ್ಕ ಅಪ್ಪನಿಗೆ, ಅವ್ವನ ಲೆಕ್ಕ ಅವ್ವನಿಗೆ.

ಕಡಲೆ ಕೀಳುವುದು ಮುಗಿದಿತ್ತು. ಗಿಡಗಳ ಸಣ್ಣ ಸಣ್ಣ ಗುಂಪೆಗಳು ಹೊಲದ ತುಂಬ ಒಣಗಲು ಬಿದ್ದಿದ್ದವು. ಅವನ್ನೆಲ್ಲ ಗಾಡಿಯಲ್ಲಿ ಹೇರಿ, ಗುಡಿಸಲಿನ ಬಳಿಯ ಎತ್ತರದ ಹಾಸುಬಂಡೆಗೆ ಸಾಗಿಸಿ, ಅಲ್ಲೇ ಒಕ್ಕಬೇಕೆಂದು ಅಪ್ಪನ ಯೋಚನೆ. ಆ ದಿನ ಬೆಳಿಗ್ಗೆ ಎದ್ದು ನೋಡಿದರೆ ಇಬ್ಬನಿ ಬಿದ್ದಿರಲಿಲ್ಲ. ಚಳಿಯೂ ಇರಲಿಲ್ಲ, ಮೈಗೆ ಸೆಕೆ ಹತ್ತುತ್ತಿತ್ತು. ಪಡುವಣದ ಗುಡ್ಡದ ಹಿಂದೆ ಕರಿ ಮೋಡ ಎದ್ದಿತ್ತು. ಅಕಾಲದ ಮಳೆ ಬಿದ್ದರೆ ಕಿತ್ತ ಕಡಲೆ ಕಪ್ಪಾಗಿ ಮೊಳೆತುಹೋಗುತ್ತದೆ. ಹೊಲವೂ ಹೋಯಿತು, ಅಡವಿಯ ಬಾಳೂ ಹೋಯಿತು.

ಅವ್ವ ಗಾಡಿಯ ಕಡೆ ಓಡಿದಳು. ಅಪ್ಪ ನಿಂತಲ್ಲೇ ನಿಂತಿದ್ದ.

"ಇವತ್ತ ಸ್ವಾಮಾರ ಐತಿ" ಎಂದ.

ಅವ್ವ ಸಿಟ್ಟಾದಾಗ ಅಪ್ಪನ ಜೊತೆ ನೇರ ಮಾತಾಡುತ್ತಿರಲಿಲ್ಲ, ನನ್ನ ಮೂಲಕ ಮಾತಾಡುತ್ತಿದ್ದಳು. "ನಿಮ್ಮಪ್ಪಗ ಹೇಳು, ಇವತ್ತ ಐತ್ವಾರ" ಎಂದಳು. ಅವಳ ಲೆಕ್ಕಕ್ಕೆ ಅಂದು ಭಾನುವಾರ.

"ನಿಮ್ಮವ್ವಗ ಹೇಳು, ನಾ ದಿನಾ ಎಣಸಾಕತ್ತೇನಿ, ಸ್ವಾಮಾರ ಅಂದ್ರ ಸ್ವಾಮಾರ."

ನಾನು ಇಬ್ಬರ ನಡುವೆ ನಿಂತು ಒಮ್ಮೆ ಆಕಡೆ, ಒಮ್ಮೆ ಈಕಡೆ ನೋಡಿದೆ. ಗುಡ್ಡದ ಹಿಂದೆ ಗುಡುಗಿತು. ಅವ್ವ ಬೆರಳು ಮಡಿಸಿ ಮಡಿಸಿ ಎಣಿಸಿದಳು, ನಡುವೆ ಎಲ್ಲೋ ತಪ್ಪಿತು, ಮತ್ತೆ ಮೊದಲಿನಿಂದ ಎಣಿಸಿದಳು. ಆಣೆ ಮಾಡಿ ಹೇಳುವಷ್ಟು ಅವಳಿಗೂ ಗಟ್ಟಿಯಿರಲಿಲ್ಲ. ಎತ್ತುಗಳು ಗೂಟದ ಬಳಿ ನಿಂತು ಮೆಲುಕು ಹಾಕುತ್ತ ನಮ್ಮನ್ನೇ ನೋಡುತ್ತಿದ್ದವು. ಅಪ್ಪ ಒಂದರ ಕೊರಳು ಸವರತೊಡಗಿದ. ಅವನ ಮುಖ ನೋಡಿ ನನಗೆ ಅಳು ಬಂದಿತ್ತು.

ಅವ್ವ ಗಾಡಿಯ ಬಳಿಯಿಂದ ತಿರುಗಿ ಬಂದಳು. ಈ ಸಲ ನೇರವಾಗಿಯೇ ಮಾತಾಡಿದಳು. "ನಡೀರಿ. ಸಂಶಯ ಬಂದಮ್ಯಾಲ ಅವುಗಳ ಹೆಗಲಿಗೆ ನೊಗ ಬ್ಯಾಡ. ನಮಗ ಹೆಗಲಿಲ್ಲೇನು?"

ಅಪ್ಪ ಅವ್ವನನ್ನು ನೋಡಿದ ಆ ನೋಟ ಈಗಲೂ ನನ್ನ ಕಣ್ಣಲ್ಲಿದೆ. ಮರುಗಳಿಗೆಯಲ್ಲಿ ಇಬ್ಬರೂ ಹೊಲದಲ್ಲಿದ್ದರು. ಅವ್ವ ಕೌದಿ ಹಾಸಿದಳು, ಅಪ್ಪ ಕಂಬಳಿ ಹಾಸಿದ. ಗುಂಪೆಗಳನ್ನು ಅದರಲ್ಲಿ ಕಟ್ಟಿ, ತಲೆಯ ಮೇಲೆ ಹೊತ್ತು, ಹಳ್ಳದ ದಂಡೆಯಿಂದ ಹಾಸುಬಂಡೆಯವರೆಗೆ ಏರುವುದು, ಸುರಿಯುವುದು, ಇಳಿಯುವುದು. ನಾನು ನನ್ನ ಪರಕಾರದ, ಅಂದರೆ ಲಂಗದ, ಉಡಿಯಲ್ಲಿ ತುಂಬಿಕೊಂಡು ಹತ್ತುತ್ತಿದ್ದೆ. ಒಣಗಿದ ಗಿಡ ತೊಡೆಗೆಲ್ಲ ಚುಚ್ಚುತ್ತಿತ್ತು, ಆದರೂ ಒಂದು ಕಾಯಿಯನ್ನೂ ಚೆಲ್ಲಲಿಲ್ಲ. ಮಧ್ಯಾಹ್ನದ ರೊಟ್ಟಿಯನ್ನು ಯಾರೂ ಮುಟ್ಟಲಿಲ್ಲ. ಅವ್ವನ ಕೊರಳಿನ ನರಗಳು ಉಬ್ಬಿ ನಿಂತಿದ್ದವು. ಎತ್ತುಗಳು ಮಾತ್ರ ಊಟಕ್ಕೆ ಬಂದ ಬೀಗರ ಹಾಗೆ ಠೀವಿಯಿಂದ ನಿಂತಿದ್ದವು. ಹತ್ತುವಾಗ ಒಮ್ಮೆ ಅಪ್ಪ ಅವಕ್ಕೆ ಕೈಮುಗಿದು "ಆರಾಮ ಅದೀರಿಲ್ಲರಿ?" ಎಂದು ಕೇಳಿದ. ಅವ್ವ ಹೊರೆ ಹೊತ್ತುಕೊಂಡೇ ನಗುತ್ತ ಮುಗ್ಗರಿಸಿದಳು.

ಹೊತ್ತು ಇಳಿಯುವಾಗ ಹೊಲ ಬರಿದಾಯಿತು. ಬಂಡೆಯ ಮೇಲೆ ಕಡಲೆಯ ದೊಡ್ಡ ಬಣವೆ ಎದ್ದಿತ್ತು. ಆದರೆ ಅದರ ಮೇಲೆ ಹೊದಿಸಲು ಏನಿದೆ? ಕೌದಿ ಕಂಬಳಿ ಎಷ್ಟಕ್ಕೂ ಸಾಲದು. ಗಾಳಿ ಬೀಸಿತು, ದಪ್ಪ ಹನಿಯೊಂದು ನನ್ನ ಮೂಗಿನ ಮೇಲೆ ಬಿತ್ತು. ಅಪ್ಪ ಗುಡಿಸಲಿನ ಕಡೆ ನೋಡಿದ. ಅವ್ವನೂ ನೋಡಿದಳು. ಅಪ್ಪ ಮಾಡು ಹತ್ತಿ ಹುಲ್ಲಿನ ಹೊದಿಕೆ ಕಿತ್ತು ಕಿತ್ತು ಕೆಳಗೆ ಎಸೆದ, ಅವ್ವ ಅದನ್ನು ಬಣವೆಗೆ ಹೊದಿಸಿ, ಮೇಲೆ ಕಲ್ಲು ಕಟ್ಟಿದ ಹಗ್ಗ ಬಿಟ್ಟಳು. ನಮ್ಮ ತಲೆಯ ಮೇಲಿನ ಸೂರು ಕಡಲೆಯ ತಲೆಯ ಮೇಲೆ ಹೋಯಿತು.

ಆಮೇಲೆ ಮಳೆ ಬಂತು ನೋಡಿ! ಸೂರಿಲ್ಲದ ಗುಡಿಸಲಿನಲ್ಲಿ ನಾವು ಮೂವರೂ ಒಂದೇ ಕಂಬಳಿಯಡಿ ಕುಳಿತು ತೊಯ್ದು ತೊಪ್ಪೆಯಾದೆವು. ಒಲೆ ಆರಿತು, ಹಿಟ್ಟಿನ ಚೀಲವನ್ನು ಅವ್ವ ಹೊಟ್ಟೆಗೆ ಅವಚಿಕೊಂಡಿದ್ದಳು. ಅಪ್ಪ ಆಗಾಗ ಎದ್ದು ಹೋಗಿ ಬಣವೆಯೊಳಗೆ ಕೈ ತೂರಿಸಿ ನೋಡಿ ಬಂದು "ಒಣಗೇ ಐತಿ" ಎನ್ನುತ್ತಿದ್ದ.

ಮಳೆ ನಿಲ್ಲುವ ಹೊತ್ತಿಗೆ ಅಡವಿಯ ಕಡೆಯಿಂದ ಗಾಡಿಯ ಸದ್ದು ಕೇಳಿಸಿತು. ಬಂದವರು ಅಜ್ಜ ಮತ್ತು ಅಕ್ಕ. ಬೆಳಿಗ್ಗೆಯೇ ಮೋಡ ನೋಡಿದ ಅಜ್ಜ, ಬೆಳೆಯಂತೂ ಹೋಯಿತು, ಮಕ್ಕಳನ್ನಾದರೂ ಕರೆತರೋಣ ಎಂದು ಗಾಡಿ ಹೂಡಿಕೊಂಡು ಹೊರಟಿದ್ದ. ಅಪ್ಪ ಗಾಡಿ ನೋಡಿ ಬೆಚ್ಚಿಬಿದ್ದ.

"ಯಪ್ಪಾ, ಸ್ವಾಮಾರ ಎತ್ತ ಹೂಡಿರೇನು?"

ಅಕ್ಕ ಗಾಡಿಯಿಂದ ಜಿಗಿದು ಕಿಸಕ್ಕನೆ ನಕ್ಕಳು. "ಎಲ್ಲೀ ಸ್ವಾಮಾರಪ್ಪಾ? ಇವತ್ತ ಐತ್ವಾರ! ಸಾಲಿ ಸೂಟಿ ಐತಿ ಅಂತನ ನಾ ಬಂದೇನಿ."

ಅವ್ವ ತಲೆಯ ಮೇಲೆ ಸೆರಗು ಎಳೆದುಕೊಂಡು ನಿಂತಿದ್ದಳು, ಮಾವನ ಎದುರು ಮಾತಾಡುವವಳಲ್ಲ. ಆದರೆ ಅಂದು ತಡೆಯಲಾಗದೆ ಅಪ್ಪನ ಕಡೆ ತಿರುಗಿದಳು. "ಜ್ವರ ಬಂದು ಮಲಗಿದ್ದಿರಲ್ಲ, ಆ ದಿನ ಹೊತ್ತು ಮುಳುಗೂಮುಂದ ಎದ್ದು, ಮುಂಜಾನಿ ಆತು, ಬೇವಿನಕಡ್ಡಿ ಕೊಡು ಅಂದ್ರಿ. ಆ ಒಂದ ದಿನಾನ ಎರಡ ಮಾಡಿ ಎಣಿಸೀರಿ ನೀವು!"

ಅಪ್ಪ ತಲೆ ಮೇಲೆ ಕೈಯಿಟ್ಟು ಬಂಡೆಯ ಮೇಲೆ ಕುಳಿತು ಹೊಟ್ಟೆ ಹುಣ್ಣಾಗುವಂತೆ ನಕ್ಕ. ಅವ್ವನೂ ನಕ್ಕಳು. ಎತ್ತುಗಳನ್ನು ಹೂಡಬಹುದಾಗಿದ್ದ ದಿನ ಇಡೀ ಹೊಲವನ್ನು ತಲೆಯ ಮೇಲೆ ಹೊತ್ತಿದ್ದರು! ಅಜ್ಜ ನಗಲಿಲ್ಲ. ಸೂರಿಲ್ಲದ ಗುಡಿಸಲನ್ನು ನೋಡಿದ, ಬಣವೆಯನ್ನು ಸುತ್ತು ಹಾಕಿದ, ಹುಲ್ಲು ಸರಿಸಿ ಒಂದು ಒಣ ಕಾಯಿ ಬಿಡಿಸಿ ಬಾಯಿಗೆ ಹಾಕಿಕೊಂಡ. ಬಹಳ ಹೊತ್ತು ಅಗಿಯುತ್ತ ನಿಂತಿದ್ದ.

ಮಾರನೆಯ ದಿನ ನಿಜವಾದ ಸೋಮವಾರ. ಅಜ್ಜನ ಎತ್ತುಗಳನ್ನೂ ಹೂಡುವಂತಿಲ್ಲ, ಹೀಗಾಗಿ ಅಜ್ಜನೂ ಅಡವಿಯಲ್ಲೇ ಉಳಿಯಬೇಕಾಯಿತು. ನಮ್ಮ ಎತ್ತುಗಳಿಗಂತೂ ಎರಡನೆಯ ದಿನವೂ ರಜೆ. ತೊಳೆದಂತಿದ್ದ ಆಕಾಶ, ಹಳ್ಳದ ಆಚೆ ಕೆಂಪಗೆ ಅರಳಿದ ಮುತ್ತುಗದ ಹೂವು, ಒದ್ದೆ ಮಣ್ಣಿನ ಘಮ. ಅಜ್ಜ ಹೊಲದ ಬದುವಿನ ಮೇಲೆ ನಡೆದ, ಮಣ್ಣು ಹಿಡಿದು ಮೂಸಿದ, ಒರತೆಯ ನೀರು ಕುಡಿದ. ಆಮೇಲೆ ತಾನೇ ಏಣಿ ಇಟ್ಟು ಹತ್ತಿ, ಗುಡಿಸಲಿಗೆ ಹೊಸ ಹುಲ್ಲು ಹೊದಿಸಲು ಕುಳಿತ. ಕೆಳಗಿನಿಂದ ಹುಲ್ಲು ಕೊಡುತ್ತಿದ್ದ ಅಪ್ಪನಿಗೆ, ಮುಖ ತಿರುಗಿಸಿಕೊಂಡೇ ಹೇಳಿದ:

"ಲೇ ತಮ್ಮಾ, ಮುಂದಿನ ವರ್ಷ ಗುಡಿಸಲಾ ಇನ್ನೊಂದೀಟ ದೊಡ್ಡದ ಕಟ್ಟು. ನಾನೂ ಬರ್ತೇನಿ."

ಅವ್ವ ಒಲೆಯ ಮುಂದೆ ಕುಳಿತು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆ ಕಡಲೆ ಮನೆ ಮುಟ್ಟಿತು, ಹೊಲ ನಮ್ಮ ಕೈಯಲ್ಲಿ ಉಳಿಯಿತು.

ಈಗ ನಾವು ಶಿಗ್ಗಾಂವಿನಲ್ಲಿದ್ದೇವೆ. ಹೆದ್ದಾರಿಯ ಬಸ್ಸುಗಳ ಸದ್ದಿಗೆ ನಿಮಗೆ ಎಚ್ಚರವಾಗುತ್ತದೆ. ಇವತ್ತು ಯಾವ ವಾರ, ಮಳೆ ಎಷ್ಟು ಹೊತ್ತಿಗೆ ಬರುತ್ತದೆ ಎಂದು ನಿಮ್ಮ ಅಪ್ಪನ ಫೋನೇ ಹೇಳುತ್ತದೆ. ಅದೇ ಅಡವಿ ಹೊಲಕ್ಕೆ ಅವನು ಟ್ರ್ಯಾಕ್ಟರ್ ಒಯ್ಯುತ್ತಾನೆ, ಟ್ರ್ಯಾಕ್ಟರಿಗೆ ಸೋಮವಾರದ ಗೊಡವೆಯಿಲ್ಲ. ಅದೆಲ್ಲ ಒಳ್ಳೆಯದೇ, ನನಗೇನೂ ಬೇಸರವಿಲ್ಲ. ನಿಮ್ಮ ಸೋಮವಾರ ಎಂದೂ ತಪ್ಪುವುದಿಲ್ಲ, ಅದನ್ನು ನಾನು ಒಪ್ಪುತ್ತೇನೆ. ಆದರೆ ಮಕ್ಕಳೇ, ತಪ್ಪಾದ ಸೋಮವಾರವನ್ನೂ ತಪ್ಪದೆ ಪಾಲಿಸಿದವರು ನನ್ನ ಅಪ್ಪ ಅವ್ವ. ನೀವು ಅವರ ಮರಿಮಕ್ಕಳು.